ಅವ್ವನ ಮುಖವಿದ್ದ ತುಂಡು

ಆ ತುಂಡಿನ ಎಡ ಅಂಚಿನಲ್ಲಿ ಒಂದು ಕಚ್ಚು ಇತ್ತು. ಅಡಕೊತ್ತಿನ ಬಾಯಿ ಒಮ್ಮೆ ಜಾರಿ ಆದದ್ದು, ಜೋಳದ ಕಾಳಿನಷ್ಟು. ನನ್ನ ತಂಗಿ ಶಾಂತಾ ಡಬ್ಬಿಯೊಳಗೆ ಕೈಯಾಡಿಸಿ, ಕಣ್ಣಿನಿಂದ ನೋಡದೆ, ಬೆರಳ ತುದಿಗೆ ಆ ಕಚ್ಚು ಸಿಕ್ಕ ಕೂಡಲೇ ಇದು ಅವ್ವ ಎಂದು ಎತ್ತಿ ತೋರಿಸುತ್ತಿದ್ದಳು. ಹಿಂಬದಿ ಒರಟು ರಟ್ಟು, ಮುಂಬದಿ ಕಂದು ಬಣ್ಣದ ನುಣುಪು ಕಾಗದ, ಕಾಗದದ ಮೇಲೆ ನಮ್ಮ ಅವ್ವನ ಮುಖ. ಬೈತಲೆಯಿಂದ ಗದ್ದದವರೆಗೆ, ಎರಡೂ ಕಿವಿಗಳ ಬುಗುಡಿ ಸಹಿತ, ಇಡಿಯಾಗಿ ಆ ಒಂದೇ ತುಂಡಿನಲ್ಲಿತ್ತು. ಚಿತ್ರ ತೆಗೆಯುವಾಗ ಅವಳಿಗೆ ನಗು ತಡೆಯಲಾಗದೆ ತುಟಿ ಸ್ವಲ್ಪ ಅಲುಗಿತ್ತು. ಅವ್ವನ ಮುಖ ಕಾಗದದ ಮೇಲೆ ಮೂಡಿದ್ದು ಅವಳ ಜೀವಮಾನದಲ್ಲಿ ಅದೊಂದೇ ಸಲ. ಈಗ ಆ ತುಂಡು ಇಲ್ಲ. ಅದು ಕಳೆದುಹೋಗಲಿಲ್ಲ, ಗೆದ್ದಲು ತಿನ್ನಲಿಲ್ಲ. ಅದನ್ನು ಸುಟ್ಟರು. ಯಾರು ಸುಟ್ಟರು, ಯಾವ ಕೆಂಡದಲ್ಲಿ ಸುಟ್ಟರು, ಆಗ ಪಕ್ಕದಲ್ಲಿ ಯಾರು ಸುಮ್ಮನೆ ನಿಂತಿದ್ದರು ಎಂಬುದೆಲ್ಲ ನನಗೆ ಗೊತ್ತು.

ಲಿಂಗಸುಗೂರಿನ ನಮ್ಮ ಮನೆಗೆ ಬೀದಿಯ ಕಡೆಗೆ ಪಡಸಾಲೆ, ಅದರ ಹಿಂದೆ ನಡುಮನೆ, ಆಮೇಲೆ ಅಡುಗೆಮನೆ, ಕೊನೆಗೆ ಹಿತ್ತಲು. ಪಡಸಾಲೆಗೂ ನಡುಮನೆಗೂ ಮಧ್ಯದ ಬಾಗಿಲಿಗೆ ಒಂದು ಹಸಿರು ಪರದೆ. ಪರದೆಯ ಆಚೆಯದೆಲ್ಲ ದೊಡ್ಡಪ್ಪನದು. ಅವರು ಅಪ್ಪನ ಅಣ್ಣ, ಊರಿನ ಕೋರ್ಟಿನಲ್ಲಿ ವಕೀಲರು. ವಾದ ಉರ್ದುವಿನಲ್ಲಿ, ಅರ್ಜಿ ಉರ್ದುವಿನಲ್ಲಿ, ಸಿಟ್ಟು ಬಂದರೆ ಬೈಗುಳವೂ ಅರ್ಧ ಉರ್ದುವಿನಲ್ಲಿ. ಹೈದರಾಬಾದಿನಲ್ಲಿ ಓದುವಾಗ ಅಲ್ಲಿಯ ದೊಡ್ಡ ಮನೆತನಗಳ ಹೆಂಗಸರು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನು ಕಂಡು ಬಂದಿದ್ದರು. ಬರುವಾಗ ಒಂದು ಕಪ್ಪು ಶೇರವಾನಿ ತಂದರು, ಈ ಪದ್ಧತಿಯನ್ನೂ ತಂದರು. ಶೇರವಾನಿಯನ್ನು ತಾವು ತೊಟ್ಟರು, ಪದ್ಧತಿಯನ್ನು ನಮಗೆ ತೊಡಿಸಿದರು. ನಮ್ಮ ಅಜ್ಜಿ ಹೊಲಕ್ಕೆ ಬುತ್ತಿ ಹೊತ್ತವಳು. ಅವ್ವನ ತವರು ಮಸ್ಕಿಯಲ್ಲಿ ಹೆಂಗಸರು ಹಳ್ಳದಿಂದ ಕೊಡ ಹೊತ್ತು, ಗುಡ್ಡದ ಕೆಳಗಿನ ಹಾದಿಯಲ್ಲಿ ಎದುರು ಬಂದವರನ್ನೆಲ್ಲ ಮಾತಾಡಿಸುತ್ತ ಬರುತ್ತಿದ್ದರು. ಅಂಥ ಊರಿನಿಂದ ಬಂದ ಅವ್ವ, ತವರಿಗೆ ಹೋಗಬೇಕಾದರೂ ಬಂಡಿಗೆ ನಾಲ್ಕೂ ಕಡೆ ಜಮಖಾನೆ ಕಟ್ಟಿಸಿಕೊಂಡು, ಮೂಟೆಯ ಹಾಗೆ ಒಳಗೆ ಕೂತು ಹೋಗಬೇಕಾಗಿತ್ತು. ಪಡಸಾಲೆಯ ಗೋಡೆಗೆ ಚೌಕಟ್ಟು ಹಾಕಿದ ಫೋಟೋಗಳಿದ್ದವು: ಅಜ್ಜ ಕೋಲು ಹಿಡಿದದ್ದು, ಅಪ್ಪ ಅಣ್ಣನ ಕುರ್ಚಿಯ ಹಿಂದೆ ನಿಂತದ್ದು, ಎಲ್ಲಕ್ಕೂ ದೊಡ್ಡದಾಗಿ ದೊಡ್ಡಪ್ಪ ಒಬ್ಬರೇ ಶೇರವಾನಿಯಲ್ಲಿ, ತಲೆಗೆ ಕುಚ್ಚಿನ ಟೋಪಿ ಹಾಕಿ ಕೂತದ್ದು. ಎಲ್ಲವೂ ಬಂಗಾರದ ಅಂಚಿನ ದಪ್ಪ ರಟ್ಟಿಗೆ ಅಂಟಿಸಿದ ಫೋಟೋಗಳು. ಆ ಗೋಡೆಯನ್ನು ನೋಡಿದವರು ನಮ್ಮ ವಂಶದಲ್ಲಿ ಗಂಡಸರು ಗಂಡಸರಿಗೇ ಹುಟ್ಟುತ್ತ ಬಂದಿದ್ದಾರೆ ಎಂದುಕೊಳ್ಳಬೇಕು.

ಮನೆಯಲ್ಲಿ ಆಗ ಮೂರು ಸಣ್ಣ ಮಕ್ಕಳು. ಶಾಂತಾಳಿಗೆ ಇನ್ನೂ ಮೂರು ತುಂಬಿರಲಿಲ್ಲ. ದೊಡ್ಡಪ್ಪನ ಹೆಂಡತಿ ದೊಡ್ಡವ್ವನ ಇಬ್ಬರು ಗಂಡುಮಕ್ಕಳು ಅವಳಿಗಿಂತ ಸ್ವಲ್ಪ ದೊಡ್ಡವರು. ನಾನು ಹನ್ನೊಂದರವಳು, ಅವರನ್ನು ಕಾಯುವವಳು. ಮಕ್ಕಳೆಂದ ಮೇಲೆ ಕೂಗು, ಅಳು, ಓಟ ಇದ್ದದ್ದೇ. ದೊಡ್ಡಪ್ಪ ಪರದೆಯಾಚೆಯಿಂದಲೇ ಗುಡುಗುತ್ತಿದ್ದರು.

"ಹುಡುಗ್ರ ಸಪ್ಪಳ ಪಡಸಾಲಿಗೆ ಬರಬಾರ್ದು! ಪಕ್ಷಗಾರ್ರು ಬಂದು ಕುಂತಿರ್ತಾರ. ಇದೇನು ವಕೀಲರ ಮನಿಯೋ, ಸಿಂಧನೂರು ಸಂತಿಯೋ ಅಂತಾರ."

ತುಂಡು ಮಾಡಿದ ಚಿತ್ರವನ್ನು ಸಪ್ಪಳವಿಲ್ಲದೆ ಮತ್ತೆ ಕೂಡಿಸುವ ಆಟ ನಮ್ಮ ಮನೆಯಲ್ಲಿ ಹುಟ್ಟಿದ್ದು ಈ ಅಪ್ಪಣೆಯಿಂದ. ಮಸ್ಕಿಯ ಸೋದರಮಾವ, ಅವ್ವನ ತಮ್ಮ, ರಾಯಚೂರಿನಲ್ಲಿ ಒಬ್ಬರ ಕೈಕೆಳಗೆ ಫೋಟೋ ತೆಗೆಯುವುದನ್ನು ಕಲಿತು ಬಂದು, ಮೂರು ಕಾಲಿನ ಕ್ಯಾಮರಾ ಹೊತ್ತು ಊರೂರು ತಿರುಗುತ್ತಿದ್ದ. ಕೆಟ್ಟುಹೋದ ಫೋಟೋಗಳನ್ನು ಅವನು ಎಸೆಯದೆ ಅಕ್ಕನಿಗೆ ಕಳಿಸುತ್ತಿದ್ದ. ತುರ್ವಿಹಾಳದ ಗೌಡರೊಬ್ಬರು ಕ್ಯಾಮರಾದ ಮುಂದೆ ಮೂರು ಸಲ ಅಲುಗಿ, ಮೂರು ಮೀಸೆ ಬಂದ ಫೋಟೋ ಒಂದಿತ್ತು. ಬಾಲ ಮಾಯವಾದ ಹೋರಿಯದು ಒಂದು. ಅವ್ವ ಇವನ್ನು ಬಟ್ಟೆಯ ಥಾನುಗಳೊಳಗಿನ ರಟ್ಟಿಗೆ ಅಂಟಿಸುತ್ತಿದ್ದಳು. ಅಂಟು ಹುಣಸೆ ಬೀಜದ್ದು: ಹುರಿದು, ನೆನೆಸಿ, ಸಿಪ್ಪೆ ತೆಗೆದು, ನುಣ್ಣಗೆ ಅರೆದು, ಗಂಜಿಯ ಹಾಗೆ ಕುದಿಸಬೇಕು. ಮೈಲುತುತ್ತ ಹಾಕಿದರೆ ಹುಳ ಹತ್ತುವುದಿಲ್ಲ ಎಂದು ಮಾವ ಹೇಳಿದ್ದ. ಅವ್ವ ಒಪ್ಪಲಿಲ್ಲ. ಮಕ್ಕಳು ತುಂಡನ್ನು ಮೊದಲು ಬಾಯಿಗೇ ಇಡುತ್ತವೆ ಎಂದು ಬೇವಿನ ಎಲೆ ಕುದಿಸಿದ ನೀರು ಹಾಕುತ್ತಿದ್ದಳು. ಅಂಟಿಸಿದ್ದನ್ನು ಬೀಸುಕಲ್ಲಿನ ಕೆಳಗೆ ಒಂದು ರಾತ್ರಿ ಇಟ್ಟು, ಮರುದಿನ ನೆರಳಿನಲ್ಲಿ ಒಣಗಿಸಬೇಕು; ಬಿಸಿಲಿಗಿಟ್ಟರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಉದ್ದದ ಕೊಯ್ತಕ್ಕೆ ಈಳಿಗೆ, ತಿರುವುಗಳಿಗೆ ಅಡಕೊತ್ತು. ಸಣ್ಣ ಮಗುವಿಗಾದರೆ ನಾಲ್ಕೇ ತುಂಡು, ದೊಡ್ಡದಾದಂತೆ ಹೆಚ್ಚು. ಕೊಯ್ದ ಅಂಚುಗಳನ್ನು ಹಿತ್ತಲಿನ ಮೆಟ್ಟಿಲುಕಲ್ಲಿಗೆ ತಿಕ್ಕಿ ನುಣುಪು ಮಾಡುವುದು ನನ್ನ ಕೆಲಸ. ಒಂದು ಚಿತ್ರದ ತುಂಡುಗಳು ಇನ್ನೊಂದರಲ್ಲಿ ಬೆರೆಯದಿರಲೆಂದು ಹಿಂಬದಿಗೆ ಕೆಮ್ಮಣ್ಣಿನ ಗುರುತು ಹಾಕುವುದೂ ನನ್ನದೇ: ಗೌಡರಿಗೆ ಚುಕ್ಕೆ, ಹೋರಿಗೆ ಗೀಟು.

ಈ ಕೆಲಸದಲ್ಲಿ ಅವ್ವನದೊಂದು ಕಟ್ಟುಪಾಡಿತ್ತು. ಮುಖವನ್ನು ಕೊಯ್ಯುವಂತಿಲ್ಲ. ಹೆಗಲು, ಕೈ, ಕುರ್ಚಿ, ಗಿಡ ಎಲ್ಲಿ ಬೇಕಾದರೂ ಈಳಿಗೆ ಹಾಯಬಹುದು. ಮುಖ ಬಂದಲ್ಲಿ ಮಾತ್ರ ಅಡಕೊತ್ತಿನಿಂದ ಸುತ್ತಲೂ ಇಷ್ಟಿಷ್ಟೇ ಕಚ್ಚುತ್ತ ಹೋಗಿ ಅದನ್ನು ಇಡಿಯಾಗಿ ಬಿಡಿಸಬೇಕು. ನಾನೊಮ್ಮೆ ಗೌಡರ ಮೂರು ಮೀಸೆಗಳನ್ನು ಮೂರು ತುಂಡು ಮಾಡೋಣ, ಮಕ್ಕಳಿಗೆ ಮೋಜು ಎಂದಿದ್ದಕ್ಕೆ ನನ್ನ ಕೈ ಮೇಲೆ ಹೊಡೆದಳು.

"ಬದುಕಿ ಬಾಳೋರ ಮಾರಿ ಮ್ಯಾಲ ಕಬ್ಬಿಣ ಹಾಯಬಾರ್ದು. ನಾಳೆ ಅವರಿಗೇನರ ಆದ್ರ?"

"ಅವ್ರ ಊರು ತುರ್ವಿಹಾಳಬೇ. ಅವರಿಗೆ ಹೆಂಗ ಗೊತ್ತಾಗ್ತೈತಿ?"

"ಅವರಿಗೆ ಗೊತ್ತಾಗೂದಿಲ್ಲ. ನನ್ನ ಕೈಗೆ ಗೊತ್ತಾಗ್ತೈತಿ. ಸುಮ್ಮನ ತಿಕ್ಕು."

ಒಂದು ವರ್ಷ ನಾಗರಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಬಂದ ಮಾವ ಕ್ಯಾಮರಾ ಸಮೇತ ಬಂದಿದ್ದ. ದೊಡ್ಡಪ್ಪ ಕೋರ್ಟಿಗೆ ಹೋಗಿದ್ದರು, ಅಪ್ಪ ತಹಸೀಲು ಕಚೇರಿಯ ಗುಮಾಸ್ತಿಕೆಗೆ. ಹಿತ್ತಲಿನಲ್ಲಿ ಅವ್ವ ಮತ್ತು ದೊಡ್ಡವ್ವ ಹಬ್ಬದ ಉಂಡಿ ಕಟ್ಟುತ್ತ ಕೂತಿದ್ದರು. ನಾನು ಒಂದು ಪಕ್ಕಕ್ಕೆ, ಕ್ಯಾಮರಾಕ್ಕೆ ಸಿಗದ ಹಾಗೆ, ಶಾಂತಾಳನ್ನು ಎತ್ತಿಕೊಂಡು ನಿಂತಿದ್ದೆ. ಮಾವ ಬೇವಿನ ಮರದ ಬುಡದಲ್ಲಿ ಕ್ಯಾಮರಾ ನಿಲ್ಲಿಸಿ ಕರಿಯ ಬಟ್ಟೆಯೊಳಗೆ ತಲೆ ಹಾಕಿದ.

"ಅಕ್ಕಾ, ಅಲುಗಬ್ಯಾಡ. ಉಸುರು ಹಿಡಿ."

"ನೀ ಹಂಗ ಅರಿವ್ಯಾಗ ತಲಿ ಹಾಕ್ಕೊಂಡು ಕುಂಡಿ ಎತ್ತಿ ನಿಂತ್ರ ಉಸುರು ಹೆಂಗ ಹಿಡೀಲೋ?"

"ಏ, ಬ್ಯಾಡಪಾ," ಎಂದಳು ದೊಡ್ಡವ್ವ. "ಅವರಿಗೆ ಗೊತ್ತಾದ್ರ ನನ್ನ ಇಲ್ಲೇ ಹಿತ್ತಲದಾಗ ಹೂತುಬಿಡ್ತಾರ." ಹೇಳುತ್ತಲೇ ಸೆರಗನ್ನು ಎದೆಯವರೆಗೆ ಎಳೆದುಕೊಂಡಳು. ಆದರೂ ಎದ್ದು ಹೋಗಲಿಲ್ಲ, ಅವ್ವನ ಮಗ್ಗುಲಲ್ಲೇ ಕೂತಳು. ಹಾಗಾಗಿ ಚಿತ್ರದಲ್ಲಿ ಬಂದದ್ದು ದೊಡ್ಡವ್ವನ ಸೆರಗು, ಉಂಡಿ ಹಿಡಿದ ಕೈ. ಮತ್ತು ಅವ್ವನ ಮುಖ, ನಗುತ್ತ.

ಮಾವನಿಗೂ ದೊಡ್ಡಪ್ಪನ ಹೆದರಿಕೆ ಇದ್ದೇ ಇತ್ತು. ಒಂದೇ ಒಂದು ಪ್ರತಿ ತೆಗೆದು, ಇನ್ನೊಂದು ಪ್ರತಿ ಬರದಂತೆ, ಚಿತ್ರ ಮೂಡಿದ್ದ ಗಾಜಿನ ಪ್ಲೇಟನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದುಬಿಟ್ಟ. ಆ ಪ್ರತಿ ಕೆಟ್ಟ ಫೋಟೋಗಳ ಕಟ್ಟಿನ ನಡುವೆ ಅಡಗಿ ನಮ್ಮ ಮನೆ ಸೇರಿತು. ಅವ್ವ ಅದನ್ನು ಅಡುಗೆಮನೆಯ ಬೆಳಕಿಂಡಿಯ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದಳು. ಎಲ್ಲಿಡುತ್ತೀ ಎಂದು ನಾನು ಕೇಳಿದೆ. ಟ್ರಂಕಿನ ಕೀಲಿ ಅಪ್ಪನ ಹತ್ತಿರ, ಕಪಾಟಿನ ಕೀಲಿ ದೊಡ್ಡಪ್ಪನ ಹತ್ತಿರ. ಆ ಮನೆಯಲ್ಲಿ ನಮ್ಮ ಅವ್ವನಿಗೆ ಒಂದು ಕಾಗದದ ಚೂರು ಬಚ್ಚಿಡುವುದಕ್ಕೂ ಅಂಗೈ ಅಗಲ ಜಾಗ ಇರಲಿಲ್ಲ.

"ಇಡೀದು ಇದ್ರ ಅದು ಫೋಟೋ," ಎಂದಳು ಅವ್ವ. "ತುಂಡು ಮಾಡಿದ್ರ ಆಟದ ಸಾಮಾನು. ಆಟದ ಸಾಮಾನು ಯಾರು ನೋಡ್ತಾರ?"

ಅಂಟು ಕುದಿಸಿದಳು, ರಟ್ಟಿಗೆ ಹಚ್ಚಿದಳು, ಒಣಗಿಸಿದಳು, ಕೊಯ್ದಳು. ತನ್ನ ಮುಖದ ಸುತ್ತ ತಾನೇ ಅಡಕೊತ್ತು ಆಡಿಸುವಾಗ ಅವಳ ಕೈ ಒಮ್ಮೆ ಜಾರಿತು. ಆ ಕಚ್ಚು ಆಗ ಆದದ್ದು. ನಾನು ಹಿಂಬದಿಗೆ ಏನು ಗುರುತು ಹಾಕಲಿ ಎಂದೆ. ಏನೂ ಹಾಕಬೇಡ, ಗುರುತಿಲ್ಲದ್ದು ನಮ್ಮದು ಎಂದಳು. ಆ ತುಂಡುಗಳು ಗೌಡರು, ಹೋರಿಗಳ ಜೊತೆಗೆ ಬಿಸ್ಕೀಟಿನ ಡಬ್ಬಿ ಸೇರಿದವು. ಬೇಸಿಗೆ ಬರುವ ಹೊತ್ತಿಗೆ ಶಾಂತಾ ಅದನ್ನು ಒಬ್ಬಳೇ ಕೂಡಿಸುತ್ತಿದ್ದಳು. ಯಾವಾಗಲೂ ಅವ್ವನ ಮುಖವನ್ನು ಕೊನೆಗೆ ಇಡುವಳು, ಇಟ್ಟು ಚಪ್ಪಾಳೆ ಹೊಡೆಯುವಳು.

ಆ ತುಂಡು ಸುಟ್ಟ ದಿನ ಅಡುಗೆಮನೆ, ನಡುಮನೆ ಎರಡನ್ನೂ ಸಾರಿಸಿದ್ದರು. ನೆಲ ಹಸಿ. ದೊಡ್ಡವ್ವನ ಮಕ್ಕಳು ಹಿತ್ತಲಲ್ಲಿದ್ದರು. ಶಾಂತಾ ಡಬ್ಬಿ ಎತ್ತಿಕೊಂಡು ಒಣಗಿದ ನೆಲ ಹುಡುಕುತ್ತ ಪರದೆ ದಾಟಿ ಪಡಸಾಲೆಗೆ ಹೋಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಅಲ್ಲಿ ದೊಡ್ಡಪ್ಪನ ಎದುರಿಗೆ ಸಿಂಧನೂರಿನ ಸಾಹುಕಾರರೊಬ್ಬರು ಕೂತಿದ್ದರು, ಯಾವುದೋ ಹೊಲದ ಮೊಕದ್ದಮೆಯ ಮಾತು. ಅಪ್ಪನೂ ಇದ್ದ. ಅವ್ವ ಮಾಡಿಕೊಟ್ಟ ಒಗ್ಗಾಣಿಯ ತಟ್ಟೆಗಳನ್ನು ತಂದು ನಾನು ಪರದೆಯ ಕೆಳಗಿನಿಂದ ಅಪ್ಪನ ಕೈಗೆ ದಾಟಿಸಲು ಬಗ್ಗಿದಾಗ, ಜಮಖಾನೆಯ ಮೇಲೆ ಕೂತ ಶಾಂತಾ ಕಂಡಳು. ಚಿತ್ರ ಆಗಲೇ ಮುಕ್ಕಾಲು ಕೂಡಿತ್ತು. ಸಾಹುಕಾರರು ವಯಸ್ಸಾದವರು, ಮೊಮ್ಮಕ್ಕಳಿದ್ದವರು ಇರಬೇಕು. ಬಗ್ಗಿ ನೋಡುತ್ತಿದ್ದರು.

"ಏನ್ ಮಾಡಾಕತ್ತೀಯವಾ?"

"ಕೂಡ್ಸಾಕತ್ತೀನಿ."

"ಇವರ್ಯಾರು, ಸೆರಗು ಹೊದ್ದೋರು?"

"ದೊಡ್ಡವ್ವ. ಆಕಿಗೆ ಮಾರಿ ಇಲ್ಲ."

ಸಾಹುಕಾರರು ಹೊಟ್ಟೆ ಅಲುಗಿಸಿ ನಕ್ಕರು. "ಮತ್ತ ಇಲ್ಲೊಂದು ತೂತು ಬಿದ್ದೈತೆಲ್ಲ?"

"ತಡೀರಿ." ಶಾಂತಾ ಡಬ್ಬಿಯೊಳಗೆ ಕೈಯಾಡಿಸಿದಳು. ಕಚ್ಚು ಸಿಕ್ಕಿತು. ತುಂಡನ್ನು ಅದರ ಜಾಗಕ್ಕೆ ಒತ್ತಿ ಚಪ್ಪಾಳೆ ಹೊಡೆದಳು. "ನಮ್ಮವ್ವ!"

"ಹೌದಲ್ಲ! ಎಷ್ಟು ಚಂದ ನಕ್ಕಾಳ ನಿಮ್ಮವ್ವ. ವಕೀಲಸಾಹೇಬ್ರ, ನಿಮ್ಮ ಮನಿ ಕೂಸು ಭಾಳ ಶಾಣ್ಯಾ ಐತಿ ಬಿಡ್ರಿ."

ಅಷ್ಟೇ ಅವರು ಹೇಳಿದ್ದು. ಇಷ್ಟು ವರ್ಷ ಆ ಮಾತನ್ನು ತಿರುವಿ ತಿರುವಿ ನೋಡಿದ್ದೇನೆ. ಅದರಲ್ಲಿ ಕೆಟ್ಟದ್ದೇನೂ ನನಗೆ ಸಿಕ್ಕಿಲ್ಲ. ದೊಡ್ಡಪ್ಪನೂ ನಕ್ಕರು. ಒಗ್ಗಾಣಿ ತಿಂದು, ಚಹಾ ಕುಡಿದು, ಸಾಹುಕಾರರನ್ನು ಬಂಡಿಯವರೆಗೆ ಹೋಗಿ ಕಳಿಸಿ ಬರುವ ತನಕ ಆ ನಗು ಮುಖದ ಮೇಲೆ ಹಾಗೇ ಇತ್ತು. ಒಳಗೆ ಬಂದು ಬೀದಿಬಾಗಿಲು ಹಾಕಿದ ಮೇಲೆ ಅದನ್ನು ತೆಗೆದರು.

"ಯಾರು ತಗದದ್ದು ಇದು?" ಕೇಳಿದ್ದು ಅಪ್ಪನನ್ನು.

"ನನಗ ಗೊತ್ತಿಲ್ಲಣ್ಣಾ." ಅದು ನಿಜವೇ. ಡಬ್ಬಿಯೊಳಗೆ ಏನಿದೆ ಎಂದು ಅಪ್ಪ ಒಂದು ದಿನವೂ ನೋಡಿದವನಲ್ಲ.

ಪರದೆಯ ಈಚೆ, ಅಂಚಿನಿಂದ ಇಣುಕುತ್ತಿದ್ದ ನನ್ನ ಬೆನ್ನ ಹಿಂದಿನಿಂದ ಅವ್ವ ಮಾತಾಡಿದಳು. ಅವಳು ದೊಡ್ಡಪ್ಪನ ಜೊತೆ ನೇರ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

"ನನ್ನ ತಮ್ಮ ತಗದಾನ್ರಿ ಭಾವಾರ. ಪಂಚಮಿ ಹಬ್ಬದಾಗ. ಕೂಸಿಗೆ ಏನೂ ಅನಬ್ಯಾಡ್ರಿ."

ದೊಡ್ಡಪ್ಪ ಪರದೆಯ ಕಡೆ ತಿರುಗಲಿಲ್ಲ. ಉತ್ತರವನ್ನೂ ಅಪ್ಪನಿಗೇ ಕೊಟ್ಟರು. "ಕೇಳಿದೇನೋ? ನಾಳೆ ಸಿಂಧನೂರು ಸಂತ್ಯಾಗ ಇದೇ ಮಾತು. ಲಿಂಗಸುಗೂರು ವಕೀಲರ ಮನಿ ಹೆಣ್ಮಗಳು ಭಾಳ ಚಂದ ನಗ್ತಾಳಂತ. ಖಾನದಾನದ ಇಜ್ಜತ್ ಅಂದ್ರ ಹುಡುಗ್ರ ಆಟದ ಸಾಮಾನೇನು? ಆಕಿ ತಮ್ಮ ಇನ್ನ ಈ ಹೊಸ್ತಲಾ ತುಳೀಬಾರ್ದು. ಆಕಿನೂ ಮಸ್ಕಿಗೆ ಹೋಗೂದು ಬ್ಯಾಡ."

ಅಪ್ಪ ಜಮಖಾನೆಯ ಪಟ್ಟಿಗಳನ್ನು ನೋಡುತ್ತ ನಿಂತಿದ್ದ. ಒಂದು ಮಾತು ಸಾಕಾಗಿತ್ತು. ಅಣ್ಣಾ, ಇರಲಿ ಬಿಡು, ಎಂಬಷ್ಟು. ಅಣ್ಣನ ಕುರ್ಚಿಯ ಹಿಂದೆ ನಿಂತವನು ಫೋಟೋದಲ್ಲಿ ಹೇಗಿದ್ದನೋ ಹಾಗೇ ಇದ್ದ.

ದೊಡ್ಡಪ್ಪ ಬಗ್ಗಿ, ಎರಡು ಬೆರಳಿನಲ್ಲಿ, ಅವ್ವನ ಮುಖವಿದ್ದ ತುಂಡನ್ನು ಎತ್ತಿಕೊಂಡರು. ಬೇರೆ ಯಾವುದನ್ನೂ ಮುಟ್ಟಲಿಲ್ಲ. "ಉಳಿದದ್ದು ಹುಡುಗ್ರು ಆಡ್ಲಿ," ಎಂದರು, ಏನೋ ದಾನ ಕೊಡುವವರ ಹಾಗೆ. ಅವರು ತಂಬಾಕು ಸೇದುವ ಗುಡಗುಡಿಯ ಚಿಲುಮೆಯಲ್ಲಿ ಕೆಂಡ ಇನ್ನೂ ಇತ್ತು. ತುಂಡನ್ನು ಅದರ ಮೇಲಿಟ್ಟರು.

"ದೊಡ್ಡಪ್ಪಾರ, ಅದು ನಮ್ಮವ್ವ," ಎಂದಳು ಶಾಂತಾ. ಅವರಿಗೆ ಗೊತ್ತಿಲ್ಲ, ತಪ್ಪಿ ಬೇರೆ ತುಂಡೆಂದು ತಿಳಿದಿದ್ದಾರೆ ಎಂದುಕೊಂಡಿದ್ದಳು.

ಮೊದಲು ಕಾಗದ ಕಂದಿ ಮುದುರಿತು, ಆಮೇಲೆ ರಟ್ಟು ಹತ್ತಿಕೊಂಡಿತು. ಹುಣಸೆ ಬೀಜ ಹುರಿದ ವಾಸನೆ ಪಡಸಾಲೆಯ ತುಂಬ ಬಂತು, ಅವ್ವ ಅಂಟು ಮಾಡುವ ದಿನ ಅಡುಗೆಮನೆಯಲ್ಲಿ ಬರುವಂಥದೇ. ದೊಡ್ಡಪ್ಪ ಕೂತು, ನಳಿಕೆಯನ್ನು ಬಾಯಿಗಿಟ್ಟು, ಎಳೆದರು.

ಎರಡು ವರ್ಷದ ನಂತರ ಅವ್ವ ಜ್ವರದಲ್ಲಿ ತೀರಿಕೊಂಡಳು. ಆ ಎರಡು ಪಂಚಮಿಗಳಿಗೂ ಅವಳು ತವರಿಗೆ ಹೋಗಲಿಲ್ಲ. ಶಾಂತಾಳಿಗೆ ಈಗ ಅವ್ವನ ಮುಖ ನೆನಪಿಲ್ಲ. ಬೆರಳಿಗೆ ಸಿಗುತ್ತಿದ್ದ ಕಚ್ಚು ನೆನಪಿದೆ ಎನ್ನುತ್ತಾಳೆ. ಮುಂದೆ ನಾನು ಓದಿದ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಜೊತೆಯ ಹುಡುಗಿಯರು ತಮ್ಮ ತಾಯಂದಿರ ಫೋಟೋ ಮೇಜಿನ ಮೇಲಿಟ್ಟುಕೊಂಡಿದ್ದರು. ನಿನ್ನದೆಲ್ಲಿ ಎಂದು ಯಾರಾದರೂ ಕೇಳಿದರೆ ಇಲ್ಲ ಎಂದು ಮಾತು ಮುಗಿಸುತ್ತಿದ್ದೆ. ತಾಯಿಯ ಮುಖವನ್ನು ಮನೆಯವರೇ ತಂಬಾಕಿನ ಜೊತೆ ಸೇದಿದರು ಎಂದು ಅವರಿಗೆ ಹೇಳಿ ನಂಬಿಸುವುದು ನನಗೆ ಬೇಕಾಗಿರಲಿಲ್ಲ.

ತುಂಡು ಸುಟ್ಟ ದಿನದ ಸಂಜೆ ಅಡುಗೆಮನೆಯಲ್ಲಿ ಶಾಂತಾ ಮತ್ತೆ ಚಿತ್ರ ಕೂಡಿಸಿದಳು. ತೂತು ಉಳಿಯಿತು. ಡಬ್ಬಿಯನ್ನು ಬೋರಲು ಮಾಡಿ ಅಲ್ಲಾಡಿಸಿದಳು. ಗೌಡರ ಮುಖ ತಂದು ಒತ್ತಿ ನೋಡಿದಳು, ಕೂಡಲಿಲ್ಲ. ಅವ್ವ ರೊಟ್ಟಿ ತಟ್ಟುತ್ತಿದ್ದಳು, ಪುಂಡಿಪಲ್ಯ ಒಲೆಯ ಮಗ್ಗುಲಿಗಿತ್ತು. ದೊಡ್ಡವ್ವ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದಳು:

"ನಾ ಸೆರಗು ಎಳಕೊಂಡಿದ್ದಕ್ಕ ಉಳಕೊಂಡೆ ನೋಡು, ತಂಗಿ."

"ಎಲ್ಲಿ ಉಳಕೊಂಡಿ ಅಕ್ಕಾ?" ಎಂದಳು ಅವ್ವ. "ನನ್ನ ಮಾರಿ ಇತ್ತು, ಸುಟ್ಟರು. ನಿನ್ನದು ಮೊದ್ಲ ಇದ್ದಿದ್ದಿಲ್ಲ."

ನನಗೆ ಅವ್ವನ ಮೇಲೂ ಸಿಟ್ಟು ಬಂದಿತ್ತು. ಅದನ್ನು ನುಂಗಿಕೊಳ್ಳಲಿಲ್ಲ.

"ಮೂರು ತುಂಡು ಮಾಡಿದ್ರ ಅವರಿಗೆ ಸಿಗ್ತಿದ್ದಿಲ್ಲಬೇ."

"ಏನು?"

"ನಿನ್ನ ಮಾರಿ. ಕಣ್ಣು ಒಂದ್ರಾಗ, ಬಾಯಿ ಒಂದ್ರಾಗ ಇದ್ದಿದ್ರ ಅವರು ಯಾವುದಂತ ಆರಿಸ್ತಿದ್ರು? ನೀ ಸುತ್ತ ಕೊಯ್ದು, ಇಡೀದು ಬಿಡಿಸಿ, ಅವರ ಕೈಗೆ ಬರೂ ಹಂಗ ಇಟ್ಟಿ."

"ಮನಷ್ಯಾರ ಮಾರಿ ಹೆಂಗ ಕೊಯ್ಯಾಕ ಬರ್ತೈತಿ, ಸರೂ?"

"ಸುಡಾಕ ಬರ್ತೈತೇನು?"

ಅವ್ವ ರೊಟ್ಟಿಯನ್ನು ತಿರುವಿ ಹಾಕಿದಳು. ಅಪ್ಪನ ತಟ್ಟೆಗೆ ಎರಡು, ದೊಡ್ಡಪ್ಪನ ತಟ್ಟೆಗೆ ಮೂರು, ಎಂದಿನಂತೆಯೇ ಬಿಸಿಯಾಗಿ ಹೋದವು. ಖಾಲಿ ತಟ್ಟೆಗಳು ಎಂದಿನಂತೆಯೇ ಪರದೆಯ ಕೆಳಗಿನಿಂದ ಬಂದವು. ನಾನು ಅವನ್ನು ಎತ್ತಿಕೊಳ್ಳಲಿಲ್ಲ. ದೊಡ್ಡವ್ವ ಎತ್ತಿಕೊಂಡಳು.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದರು. ಅಪ್ಪ ಹೊರಗೆ ಹೋಗಿದ್ದ. ನಾನು ಪರದೆ ಸರಿಸಿ ಪಡಸಾಲೆಗೆ ಹೋದೆ. ದೊಡ್ಡಪ್ಪನ ಕುರ್ಚಿಯನ್ನೇ ಗೋಡೆಗೆ ಎಳೆದು, ಹತ್ತಿ, ಶೇರವಾನಿಯ ಫೋಟೋವನ್ನು ಇಳಿಸಿದೆ. ಚೌಕಟ್ಟಿನ ಹಿಂದಿನ ಮೊಳೆಗಳನ್ನು ಇಕ್ಕಳದಿಂದ ಎತ್ತಿ, ಗಾಜನ್ನು ಒಡೆಯದೆ ಗೋಡೆಗೆ ಆನಿಸಿಟ್ಟು, ಫೋಟೋ ತೆಗೆದುಕೊಂಡು ಅಡುಗೆಮನೆಗೆ ಬಂದೆ. ಅಂಟು ಬೇಕಾಗಲಿಲ್ಲ, ಒಣಗಿಸುವುದೂ ಬೇಕಾಗಲಿಲ್ಲ. ಹೈದರಾಬಾದಿನ ಫೋಟೋದವರು ಆಗಲೇ ಒಳ್ಳೆಯ ದಪ್ಪ ರಟ್ಟಿಗೆ ಹಚ್ಚಿ ಕೊಟ್ಟಿದ್ದರು. ಈಳಿಗೆಯ ಮಣೆಯ ಮೇಲೆ ಕೂತೆ. ಟೋಪಿಯ ನಡುವನ್ನು ಅಲಗಿಗೆ ತಾಗಿಸಿ, ಎರಡೂ ಕೈಯಿಂದ ಮುಂದಕ್ಕೆ ನೂಕಿದೆ. ಅಲಗು ಹಣೆಯ ಮೇಲೆ ಹಾಯ್ದು, ಎರಡು ಕಣ್ಣುಗಳ ನಡುವೆ ಇಳಿದು, ಮೂಗನ್ನೂ ಮೀಸೆಯನ್ನೂ ಸೀಳಿ ಗದ್ದದ ಕೆಳಗೆ ಹೊರಬಂತು. ಆಮೇಲೆ ಅಡ್ಡಲಾಗಿ ಕೊಯ್ದೆ, ಕಣ್ಣು ಬೇರೆ, ಬಾಯಿ ಬೇರೆ ಆಗುವಂತೆ.

ತಲೆಯೆತ್ತಿದಾಗ ಅವ್ವ ಕೊಡ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ ಗೊತ್ತಿಲ್ಲ. ಬಚ್ಚಲಿನಲ್ಲಿ ನೀರು ಸುರಿಯುವ ಸಪ್ಪಳ ಕೇಳುತ್ತಿತ್ತು. ನನ್ನ ಕೈಯಿಂದ ಕಸಿದುಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಕೊಡ ಇಳಿಸಿದಳು.

"ಅಂಚು ಕಲ್ಲಿಗೆ ತಿಕ್ಕು," ಎಂದಳು. "ಕೂಸಿನ ಕೈಗೆ ಹತ್ತೀತು."

ನಾನು ಮೆಟ್ಟಿಲುಕಲ್ಲಿನ ಮೇಲೆ ಕೂತು ಒಂದೊಂದೇ ಅಂಚನ್ನು ತಿಕ್ಕಿ ನುಣುಪು ಮಾಡಿದೆ, ಹಿಂಬದಿಗೆ ಕೆಮ್ಮಣ್ಣಿನ ಗುರುತು ಹಾಕಿದೆ, ಎಲ್ಲವನ್ನೂ ಡಬ್ಬಿಗೆ ತುಂಬಿದೆ. ಡಬ್ಬಿಯನ್ನು ಶಾಂತಾಳ ಕೈಗೆ ಕೊಟ್ಟು, ಪರದೆಯನ್ನು ಎತ್ತಿ ಹಿಡಿದು, ಹೋಗು, ಪಡಸಾಲೆಯಲ್ಲಿ ಕೂತು ಆಡು ಎಂದೆ.